ಎಣ್ಣೆ ಬಂತು, ಷೇರುದಾರನಿಗೆ ಏನು ಬಂತು?



2020ರ ಏಪ್ರಿಲ್ 20, ಸೋಮವಾರ. ಅರ್ಧ ಜಗತ್ತು ಲಾಕ್‌ಡೌನ್‌ನಲ್ಲಿ ಬಾಗಿಲು ಹಾಕಿಕೊಂಡು ಕೂತಿತ್ತು. ಆ ದಿನ ಅಮೆರಿಕದ ಕಚ್ಚಾ ತೈಲದ ಮೇ ತಿಂಗಳ ಫ್ಯೂಚರ್ಸ್ ಒಪ್ಪಂದದ ಬೆಲೆ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ನಲ್ಲಿ ಮುಗಿಯಿತು. ಮೈನಸ್! ಅಂದ್ರೆ ಮಾರುವವನೇ ಕೊಳ್ಳುವವನಿಗೆ ದುಡ್ಡು ಕೊಟ್ಟು, "ತಗೊಂಡು ಹೋಗಪ್ಪಾ, ಸಾಕು" ಅಂತ ಕೈಮುಗಿದ ದಿನ. ಒಕ್ಲಹೋಮಾದ ಕುಶಿಂಗ್ ಊರಿನ ದೊಡ್ಡ ದೊಡ್ಡ ಟ್ಯಾಂಕುಗಳು ತುಂಬುತ್ತಾ ಬಂದಿದ್ದವು. ಉಳಿದ ಜಾಗವನ್ನೂ ಬೇರೆಯವರು ಮೊದಲೇ ಹಿಡಿದಿಟ್ಟಿದ್ದರು. ಎಣ್ಣೆ ಇತ್ತು, ಇಡೋಕೆ ಪಾತ್ರೆ ಇರಲಿಲ್ಲ.

ಇದಕ್ಕೆ ಎರಡೇ ವರ್ಷ ಹಿಂದೆ, 2018ರಲ್ಲಿ, ಅದೇ ಅಮೆರಿಕ ರಷ್ಯಾವನ್ನೂ ಸೌದಿ ಅರೇಬಿಯಾವನ್ನೂ ಹಿಂದಿಕ್ಕಿ ಕಚ್ಚಾ ತೈಲ ಉತ್ಪಾದನೆಯಲ್ಲಿ ಜಗತ್ತಿನ ನಂಬರ್ ಒನ್ ಆಗಿತ್ತು. 2008ರಲ್ಲಿ ದಿನಕ್ಕೆ ಸುಮಾರು 50 ಲಕ್ಷ ಬ್ಯಾರೆಲ್ ತೆಗೆಯುತ್ತಿದ್ದ ದೇಶ 2019ರ ಹೊತ್ತಿಗೆ 1 ಕೋಟಿ 20 ಲಕ್ಷ ದಾಟಿತು. 11 ವರ್ಷದಲ್ಲಿ ದುಪ್ಪಟ್ಟಿಗಿಂತ ಹೆಚ್ಚು. ಇದನ್ನು ಮಾಡಿದ್ದು ಶೇಲ್ ಅನ್ನುವ ಕಲ್ಲು, ಆ ಕಲ್ಲನ್ನು ಒಡೆದ ಕಂಪನಿಗಳು.

ಈಗ ಒಂದು ಸರಳ ಪ್ರಶ್ನೆ. ಇಷ್ಟು ದೊಡ್ಡ ಕೆಲಸ ಮಾಡಿದ ಕಂಪನಿಗಳ ಷೇರು ಇಟ್ಟುಕೊಂಡವರು ಶ್ರೀಮಂತರಾಗಬೇಕಿತ್ತು, ಅಲ್ವಾ? ಆದರೆ ಆಗಿದ್ದೇ ಬೇರೆ. 2010ರಿಂದ 2020ರವರೆಗಿನ ಲೆಕ್ಕ ತೆಗೆದ ಡೆಲಾಯ್ಟ್ ಸಂಸ್ಥೆ ಹೇಳಿದ್ದು ಇಷ್ಟು: ಅಮೆರಿಕದ ಶೇಲ್ ಉದ್ಯಮ ಒಟ್ಟಾರೆ ದುಡಿದದ್ದಕ್ಕಿಂತ 30 ಸಾವಿರ ಕೋಟಿ ಡಾಲರ್ ಹೆಚ್ಚು ಖರ್ಚು ಮಾಡಿದೆ. ರೂಪಾಯಿ ಅಲ್ಲ ವೀಕ್ಷಕರೇ, ಡಾಲರ್.

ಎಣ್ಣೆ ಗೆದ್ದಿತು. ಷೇರುದಾರ ಸೋತ. ಈ ಎರಡೂ ಒಟ್ಟಿಗೆ ಹೇಗೆ ನಿಜವಾದವು? ಇವತ್ತಿನ ವಿಷಯ ಇದೇ.

ಇದು ಅಮೆರಿಕದವರ ತಲೆನೋವು, ನಮಗ್ಯಾಕೆ ಅನ್ನಬೇಡಿ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ನಿಯಮದಡಿ ಒಬ್ಬ ಭಾರತೀಯ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ಮೊಬೈಲ್‌ನಲ್ಲಿ ನಾಲ್ಕು ಸಲ ಬೆರಳೊತ್ತಿದರೆ ಅಮೆರಿಕದ ಷೇರು ನಿಮ್ಮ ಖಾತೆಯಲ್ಲಿ. ಪರ್ಷಿಯನ್ ಕೊಲ್ಲಿಯಲ್ಲಿ ಒಂದು ಕ್ಷಿಪಣಿ ಹಾರಿದರೆ ಸಾಕು, "ಮೇಡಂ, ಸಾರ್, ಆಯಿಲ್ ಷೇರು ತಗೋಬಹುದಾ?" ಅನ್ನುವ ಕರೆಗಳು ನಮ್ಮ ಸ್ಟುಡಿಯೋಗೆ ಶುರುವಾಗುತ್ತವೆ. ಕೇಳುವವರು ನಿವೃತ್ತ ಮೇಷ್ಟ್ರು, ಸಣ್ಣ ಅಂಗಡಿಯವರು, ಐಟಿ ಹುಡುಗರು.

ಅಮೆರಿಕದ ಸಣ್ಣ ಹೂಡಿಕೆದಾರರು ಇದೇ ಪ್ರಶ್ನೆಯ ಮೇಲೆ 15 ವರ್ಷಕ್ಕೂ ಹೆಚ್ಚು ಕಾಲ ಜಗಳವಾಡಿದ್ದಾರೆ. ಅವರಲ್ಲಿ ಎರಡು ಪಂಗಡ. ನಾನು ಅವರಿಗೆ ಇಟ್ಟಿರುವ ಹೆಸರು, ಒಬ್ಬರು ಕಲ್ಲಿನವರು, ಇನ್ನೊಬ್ಬರು ಲೆಕ್ಕದವರು. ಕಲ್ಲಿನವರು ಹೇಳೋದು: ನೆಲದಡಿ ಎಣ್ಣೆ ಇದೆ, ತೆಗೆಯುವ ವಿದ್ಯೆ ಗೊತ್ತಾಗಿದೆ, ವರ್ಷದಿಂದ ವರ್ಷಕ್ಕೆ ಉತ್ಪಾದನೆ ಏರುತ್ತಿದೆ, ಹಾಗಾಗಿ ಷೇರು ಏರಲೇಬೇಕು. ಲೆಕ್ಕದವರು ಹೇಳೋದು: ಎಣ್ಣೆ ಬರಲಿ ಸ್ವಾಮಿ, ಕೈಗೆ ಕಾಸೆಷ್ಟು ಬಂತು ತೋರಿಸಿ. ಇಬ್ಬರೂ ಒಂದೇ ಕಂಪನಿಯ ಬಗ್ಗೆ ಮಾತಾಡುತ್ತಿದ್ದರು, ಆದರೆ ನೋಡುತ್ತಿದ್ದ ಪುಟವೇ ಬೇರೆ ಬೇರೆ.

ಈ ಜಗಳ ಶೇಲ್ ಜೊತೆ ಹುಟ್ಟಿದ್ದಲ್ಲ. ಎಣ್ಣೆ ಬಾವಿಯಷ್ಟೇ ಹಳೆಯದು.

1859ರ ಆಗಸ್ಟ್ 27ರಂದು ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಎಂಬಲ್ಲಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿಯಲ್ಲಿ 69 ಅಡಿ ಆಳದಲ್ಲಿ ಎಣ್ಣೆ ಸಿಕ್ಕಿತು. ಆಧುನಿಕ ತೈಲ ಉದ್ಯಮದ ಹುಟ್ಟಿದ ದಿನ ಅಂತ ಇದನ್ನೇ ಕರೆಯುತ್ತಾರೆ. ಸುದ್ದಿ ಹಬ್ಬಿತು, ಎಲ್ಲರೂ ಕೊರೆದರು. ಆಗಿನ ಕಾನೂನು ಹೇಗಿತ್ತು ಅಂದ್ರೆ, ನೆಲದಡಿಯ ಎಣ್ಣೆ ಯಾರು ಮೊದಲು ಎತ್ತುತ್ತಾರೋ ಅವರದ್ದು. ಪಕ್ಕದವನು ಎತ್ತುವ ಮೊದಲು ನಾನು ಎತ್ತಬೇಕು. ಪರಿಣಾಮ? 1861ರ ಆರಂಭದಲ್ಲಿ ಬ್ಯಾರೆಲ್‌ಗೆ 10 ಡಾಲರ್ ಇದ್ದ ಬೆಲೆ ಅದೇ ವರ್ಷದ ಕೊನೆಗೆ 10 ಸೆಂಟ್‌ಗೆ ಬಿತ್ತು. ಡಾಲರ್ ಹೋಗಿ ಸೆಂಟ್! ಎಲ್ಲರಿಗೂ ಎಣ್ಣೆ ಸಿಕ್ಕಿದ್ದೇ ಎಲ್ಲರ ನಷ್ಟಕ್ಕೆ ಕಾರಣವಾಯಿತು.

ಅಲ್ಲೇ ಹತ್ತಿರ ಪಿಟ್‌ಹೋಲ್ ಅಂತ ಒಂದು ಊರಿತ್ತು. 1865ರ ಜನವರಿಯಲ್ಲಿ ಅಲ್ಲಿ ಎಣ್ಣೆ ಚಿಮ್ಮಿತು. ಸೆಪ್ಟೆಂಬರ್ ಹೊತ್ತಿಗೆ 15 ಸಾವಿರ ಜನ, ಹೋಟೆಲು, ಅಂಚೆ ಕಚೇರಿ, ಪತ್ರಿಕೆ. ಮುಂದಿನ ವರ್ಷವೇ ಬಾವಿಗಳು ಸೊರಗಿದವು, ಬೆಂಕಿ ಅವಘಡಗಳಾದವು, ಜನ ಗಂಟುಮೂಟೆ ಕಟ್ಟಿದರು. 1865ರಲ್ಲಿ 20 ಲಕ್ಷ ಡಾಲರ್‌ಗೆ ಮಾರಾಟವಾಗಿದ್ದ ಒಂದು ತುಂಡು ಜಮೀನು 1878ರ ಹರಾಜಿನಲ್ಲಿ ಹೋಗಿದ್ದು ಎಷ್ಟಕ್ಕೆ ಗೊತ್ತಾ? 4 ಡಾಲರ್ 37 ಸೆಂಟ್‌ಗೆ.

ಡ್ರೇಕ್ ಏನಾದ? ಮೊದಲ ಬಾವಿಯ ಯಜಮಾನ ಅಲ್ವಾ, ಚೆನ್ನಾಗಿ ಬದುಕಿರಬೇಕು ಅಂತ ನೀವಂದುಕೊಳ್ಳಬಹುದು. ಆತ ವಾಲ್ ಸ್ಟ್ರೀಟ್‌ಗೆ ಹೋಗಿ ತೈಲ ಷೇರುಗಳ ವ್ಯವಹಾರಕ್ಕೆ ಕೈಹಾಕಿದ, ಇದ್ದದ್ದನ್ನೆಲ್ಲ ಕಳೆದುಕೊಂಡ. ಕೊನೆಗೆ 1873ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಕನಿಕರದಿಂದ ವರ್ಷಕ್ಕೆ 1,500 ಡಾಲರ್ ಮಾಸಾಶನದ ಥರ ಕೊಟ್ಟಿತು. ಎಣ್ಣೆ ಕಂಡುಹಿಡಿದವನೇ ಎಣ್ಣೆ ಷೇರಿನಲ್ಲಿ ಮುಳುಗಿದ.

ಈಗ ಟೆಕ್ಸಾಸ್‌ನ ಫೋರ್ಟ್ ವರ್ತ್‌ಗೆ ಬನ್ನಿ. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. 1917ರಲ್ಲಿ ರೇಂಜರ್, 1918ರಲ್ಲಿ ಬರ್ಕ್‌ಬರ್ನೆಟ್, ಒಂದರ ಹಿಂದೆ ಒಂದು ದೊಡ್ಡ ಬಾವಿಗಳು. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿದೆ. ಜನರ ಕೈಯಲ್ಲಿ ಯುದ್ಧಕಾಲದ ಉಳಿತಾಯ ಪತ್ರಗಳಿವೆ. ಫೋರ್ಟ್ ವರ್ತ್‌ನಲ್ಲಿ ತೈಲ ಕಂಪನಿಗಳು ನಾಯಿಕೊಡೆಗಳ ಹಾಗೆ ಎದ್ದವು. ಅಂಚೆಯಲ್ಲಿ ಬಣ್ಣದ ಕಾಗದ ಬರುತ್ತಿತ್ತು: ಬರೀ 10 ಡಾಲರ್ ಹಾಕಿ, ನಾಳೆ ನೀವೂ ತೈಲ ದೊರೆ! ಟೀಚರುಗಳು, ವಿಧವೆಯರು, ಗುಮಾಸ್ತರು ದುಡ್ಡು ಕಳಿಸಿದರು.

ಅಂಥ ಕಂಪನಿ ನಡೆಸಿದವರಲ್ಲಿ ಒಬ್ಬ ಡಾಕ್ಟರ್ ಫ್ರೆಡರಿಕ್ ಕುಕ್. ಉತ್ತರ ಧ್ರುವಕ್ಕೆ 1908ರಲ್ಲಿ ಮೊದಲು ಹೋದವನು ನಾನೇ ಅಂತ ಹೇಳಿಕೊಂಡು ಜಗತ್ಪ್ರಸಿದ್ಧನಾಗಿದ್ದ ಅದೇ ಕುಕ್. ಅವನ ಉಪಾಯ ಭಾರಿ ಚುರುಕಿನದ್ದು. ಮುಳುಗಿಹೋದ ತೈಲ ಕಂಪನಿಗಳ ಷೇರುದಾರರ ಪಟ್ಟಿ ಕಲೆಹಾಕಿ ಅವರಿಗೇ ಪತ್ರ ಬರೆದ: ನಿಮ್ಮ ಹಳೆಯ ಷೇರು ಕಸವಾಗಿದೆಯಲ್ಲ, ಜೊತೆಗೆ ಇನ್ನೊಂದಿಷ್ಟು ನಗದು ಸೇರಿಸಿ ಕೊಡಿ, ನಮ್ಮ ಕಂಪನಿಯ ಹೊಸ ಷೇರು ಕೊಡುತ್ತೇವೆ. ಒಮ್ಮೆ ಕಳೆದುಕೊಂಡವನಿಗೆ ಅದನ್ನು ಮರಳಿ ಪಡೆಯುವ ಆಸೆ ಇರುತ್ತದೆ. ಆ ಆಸೆಗೇ ಕುಕ್ ಗಾಳ ಹಾಕಿದ. 1923ರಲ್ಲಿ ಅಂಚೆ ಮೂಲಕ ವಂಚಿಸಿದ ಆರೋಪ ಸಾಬೀತಾಗಿ 14 ವರ್ಷ 9 ತಿಂಗಳ ಜೈಲು ಶಿಕ್ಷೆಯಾಯಿತು. 1940ರಲ್ಲಿ, ಸಾಯುವ ಸ್ವಲ್ಪ ಮುಂಚೆ, ಅಧ್ಯಕ್ಷ ರೂಸ್‌ವೆಲ್ಟ್ ಕ್ಷಮಾದಾನ ಕೊಟ್ಟರು. ಅವನ ಬೆಂಬಲಿಗರು ಇವತ್ತಿಗೂ ಒಂದು ವಾದ ಮಾಡುತ್ತಾರೆ: ಅವನ ಕಂಪನಿ ತೋರಿಸಿದ್ದ ಜಮೀನುಗಳಲ್ಲಿ ಮುಂದೆ ನಿಜವಾಗಿಯೂ ಎಣ್ಣೆ ಸಿಕ್ಕಿತಲ್ಲ ಅಂತ. ಇರಬಹುದು. ಆದರೆ 10 ಡಾಲರ್ ಕಳಿಸಿದ ಟೀಚರಮ್ಮನಿಗೆ ಆ ಎಣ್ಣೆಯಿಂದ ಏನು ಬಂತು?

ಇಂಥ ಕಾಟ ತಾಳಲಾರದೆ ಕ್ಯಾನ್ಸಸ್ ರಾಜ್ಯ 1911ರಲ್ಲೇ ಷೇರು ಮಾರಾಟಕ್ಕೆ ಕಾನೂನು ತಂದಿತ್ತು. ಬರೀ ನೀಲಿ ಆಕಾಶ ತೋರಿಸಿ ದುಡ್ಡು ಕೀಳುವವರನ್ನು ತಡೆಯುವ ಕಾನೂನು ಅಂತ ಜನ ಅದಕ್ಕೆ ಬ್ಲೂ ಸ್ಕೈ ಕಾನೂನು ಎಂದೇ ಹೆಸರಿಟ್ಟರು. 1933ರಲ್ಲಿ ಇಡೀ ದೇಶಕ್ಕೆ ಷೇರು ಕಾನೂನು ಬಂತು. ಅಲ್ಲಿಂದ ಕಂಪನಿಗಳು ಲೆಕ್ಕ ಬಹಿರಂಗ ಮಾಡಲೇಬೇಕು. ಸುಳ್ಳು ಹೇಳುವುದು ಕಷ್ಟವಾಯಿತು. ಆದರೆ ನಿಜ ಹೇಳಿಯೂ ನಷ್ಟ ಮಾಡಬಹುದು ಅನ್ನೋದನ್ನು ಶೇಲ್ ತೋರಿಸಿಕೊಟ್ಟಿತು.

ಕುಕ್ ಕೂತು ಪತ್ರ ಬರೆಯುತ್ತಿದ್ದ ಫೋರ್ಟ್ ವರ್ತ್ ಊರಿನ ಕೆಳಗೆ, ಒಂದೂವರೆ ಎರಡು ಕಿಲೋಮೀಟರ್ ಆಳದಲ್ಲಿ, ಬಾರ್ನೆಟ್ ಅನ್ನುವ ಶೇಲ್ ಪದರವಿದೆ. ಶೇಲ್ ಅಂದ್ರೆ ಹಳೆಯ ಕಾಲದ ಕೆಸರು ಒತ್ತಡಕ್ಕೆ ಸಿಕ್ಕಿ ಗಟ್ಟಿಯಾಗಿ, ಹಾಳೆ ಹಾಳೆಯಾಗಿ ಕೂತಿರುವ ಕಲ್ಲು. ಅದರೊಳಗೆ ಗ್ಯಾಸ್ ಇದೆ, ಎಣ್ಣೆ ಇದೆ, ಆದರೆ ರಂಧ್ರಗಳು ಎಷ್ಟು ಸಣ್ಣವು ಅಂದ್ರೆ ಒಳಗಿದ್ದದ್ದು ಹೊರಗೆ ಹರಿಯೋದಿಲ್ಲ. ಭೂವಿಜ್ಞಾನಿಗಳಿಗೆ ಇದು ಗೊತ್ತಿತ್ತು. ತೆಗೆಯೋದು ಹೇಗೆ ಅನ್ನೋದು ಗೊತ್ತಿರಲಿಲ್ಲ.

ಇದರ ಬೆನ್ನು ಬಿದ್ದವರು ಜಾರ್ಜ್ ಮಿಚೆಲ್. ಗ್ರೀಸ್‌ನಿಂದ ವಲಸೆ ಬಂದವರ ಮಗ, ಟೆಕ್ಸಾಸ್‌ನಲ್ಲಿ ಪೆಟ್ರೋಲಿಯಂ ಎಂಜಿನಿಯರಿಂಗ್ ಓದಿದವರು. ಬಾರ್ನೆಟ್‌ನಲ್ಲಿ ಅವರ ಕಂಪನಿ ಮೊದಲ ಬಾವಿ ಕೊರೆದಿದ್ದು 1981ರಲ್ಲಿ. ನೀರು ಮತ್ತು ಮರಳನ್ನು ಭಾರಿ ಒತ್ತಡದಲ್ಲಿ ಕಲ್ಲಿನೊಳಗೆ ನುಗ್ಗಿಸಿ ಬಿರುಕು ಬಿಡಿಸುವುದು ಹೊಸ ವಿದ್ಯೆಯೇನಲ್ಲ, 1947ರಲ್ಲೇ ಕ್ಯಾನ್ಸಸ್‌ನಲ್ಲಿ ಅದರ ಪ್ರಯೋಗವಾಗಿತ್ತು. ಆದರೆ ಶೇಲ್ ಮಾತ್ರ ಜಗ್ಗಲಿಲ್ಲ. 17 ವರ್ಷ ಮಿಚೆಲ್ ದುಡ್ಡು ಸುರಿದರು. ಕಂಪನಿಯೊಳಗಿನವರೇ ಸಾಕು ನಿಲ್ಲಿಸಿ ಅಂದರು. 1998ರಲ್ಲಿ ಅವರ ಎಂಜಿನಿಯರ್ ನಿಕ್ ಸ್ಟೈನ್ಸ್‌ಬರ್ಗರ್, ದುಬಾರಿ ಅಂಟು ದ್ರವದ ಬದಲು ಬಹುಪಾಲು ಬರೀ ನೀರನ್ನೇ ಬಳಸಿ ನೋಡಿದರು. ಖರ್ಚು ಉಳಿಸುವ ಉಪಾಯ. ಗ್ಯಾಸ್ ಬಂತು, ಬರುತ್ತಲೇ ಇತ್ತು! 2002ರಲ್ಲಿ ಡೆವನ್ ಎನರ್ಜಿ ಸುಮಾರು 350 ಕೋಟಿ ಡಾಲರ್‌ಗೆ ಮಿಚೆಲ್ ಕಂಪನಿಯನ್ನು ಕೊಂಡು, ನೆಲದಡಿ ಅಡ್ಡಡ್ಡವಾಗಿ ಕೊರೆಯುವ ವಿದ್ಯೆಯನ್ನು ಇದಕ್ಕೆ ಜೋಡಿಸಿತು. ಶೇಲ್ ಯುಗ ಶುರುವಾಯಿತು.

ಎಂಜಿನಿಯರಿಂಗ್ ಓದಿದ ನನಗೆ ಈ ಕಥೆ ಓದಿದಾಗಲೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟೋಣ ಅನಿಸುತ್ತದೆ. 17 ವರ್ಷ ಒಂದೇ ಕಲ್ಲಿಗೆ ತಲೆ ಚಚ್ಚಿಕೊಳ್ಳೋದು ತಮಾಷೆಯಲ್ಲ. ಕಲ್ಲಿನವರ ವಾದಕ್ಕೆ ಬಲ ಬಂದಿದ್ದೇ ಇಲ್ಲಿಂದ. ತಂತ್ರಜ್ಞಾನ ನಿಜ, ಎಣ್ಣೆ ನಿಜ, ಪೆಟ್ರೋಲಿಯಂ ಮುಗಿದೇಹೋಗುತ್ತದೆ ಎಂದವರ ಬಾಯಿ ಮುಚ್ಚಿಸಿದ್ದೂ ನಿಜ.

ಇನ್ನೊಂದು ಸ್ವಾರಸ್ಯ ಕೇಳಿ. ಗ್ಯಾಸ್ ಬಾವಿಗೆ ನೀರು ಸಾಕಾಯಿತು, ಆದರೆ ಮುಂದೆ ಎಣ್ಣೆಯ ಶೇಲ್ ಬಾವಿಗಳಿಗೆ ಮರಳನ್ನು ಹೊತ್ತೊಯ್ಯುವ ಅಂಟು ಮತ್ತೆ ಬೇಕಾಯಿತು. ಆ ಅಂಟು ಎಲ್ಲಿಂದ ಬಂತು? ನಮ್ಮ ಗೋರಿಕಾಯಿಯಿಂದ! ಉತ್ತರ ಕರ್ನಾಟಕದವರು ಚವಳಿಕಾಯಿ ಅಂತೀರಲ್ಲ, ಅದೇ. ಅದರ ಬೀಜದ ಗೋಂದಿಗೆ ಟೆಕ್ಸಾಸ್‌ನಲ್ಲಿ ಎಷ್ಟು ಬೇಡಿಕೆ ಬಂತು ಅಂದ್ರೆ, ರಾಜಸ್ಥಾನದಲ್ಲಿ ಬೀಜದ ಬೆಲೆ 2012ರ ಮಾರ್ಚ್‌ನಲ್ಲಿ ಕ್ವಿಂಟಲ್‌ಗೆ 30 ಸಾವಿರ ರೂಪಾಯಿಯ ಆಸುಪಾಸಿಗೆ ಹೋಯಿತು. ಸರ್ಕಾರ ಅದರ ಫ್ಯೂಚರ್ಸ್ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ಮುಂದಿನ ವರ್ಷ ಎಲ್ಲ ರೈತರೂ ಗೋರಿಕಾಯಿ ಬಿತ್ತಿದರು, ಕಂಪನಿಗಳು ಬದಲಿ ದ್ರವ ಹುಡುಕಿಕೊಂಡವು, ಬೆಲೆ ಬಿತ್ತು. 1861ರ ಪೆನ್ಸಿಲ್ವೇನಿಯಾದ ಕಥೆಯೇ ರಾಜಸ್ಥಾನದ ಹೊಲದಲ್ಲೂ ನಡೆಯಿತು.

ಈಗ ಲೆಕ್ಕದವರ ಕಡೆ ಬರೋಣ. ಅವರ ಮೊದಲ ಮಾತು ಬಾವಿಯ ಆಯಸ್ಸಿನದ್ದು. ಸೌದಿಯ ಹಳೆಯ ಬಾವಿ ದಶಕಗಟ್ಟಲೆ ಹೆಚ್ಚುಕಡಿಮೆ ಒಂದೇ ಥರ ಹರಿಯುತ್ತದೆ. ಶೇಲ್ ಬಾವಿ ಹಾಗಲ್ಲ. ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಹೆಚ್ಚು ಇಳಿದುಬಿಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್ ಕೊರೆಸಿದ ದಿನ ನೀರು ಆಳೆತ್ತರ ಚಿಮ್ಮುತ್ತದೆ, ಪೂಜೆ ಮಾಡಿ ಸಿಹಿ ಹಂಚುತ್ತಾರೆ. ಮುಂದಿನ ಬೇಸಿಗೆಗೆ ಅರ್ಧ ಇಂಚು. ಆಮೇಲೆ? ಇನ್ನೊಂದು ಬೋರು. ಅದಕ್ಕೆ ಇನ್ನೊಂದು ಸಾಲ. ಉತ್ಪಾದನೆ ಏರಿಸುವುದು ಒತ್ತಟ್ಟಿಗಿರಲಿ, ಇದ್ದಲ್ಲೇ ಇರಬೇಕಾದರೂ ಶೇಲ್ ಕಂಪನಿ ಹೊಸ ಹೊಸ ಬಾವಿ ಕೊರೆಯುತ್ತಲೇ ಇರಬೇಕು.

ಹಾಗಾದರೆ ನಷ್ಟವಾದರೂ ಯಾಕೆ ಕೊರೆದರು? ಮೂರು ಕಾರಣ. ಒಂದು, ಗುತ್ತಿಗೆ. ಅಮೆರಿಕದಲ್ಲಿ ಬಹಳ ಕಡೆ ನೆಲದಡಿಯ ಖನಿಜ ಕೂಡ ಜಮೀನ್ದಾರನದ್ದೇ. ಕಂಪನಿ ಗುತ್ತಿಗೆ ಹಿಡಿದರೆ ಕೆಲವೇ ವರ್ಷಗಳಲ್ಲಿ ಕೊರೆದು ಉತ್ಪಾದನೆ ತೋರಿಸಬೇಕು, ಇಲ್ಲದಿದ್ದರೆ ಗುತ್ತಿಗೆ ಹೋಯಿತು. ಬೆಲೆ ಇರಲಿ ಬಿಡಲಿ, ಕೊರೆಯಲೇಬೇಕು. ಎರಡು, ಅಗ್ಗದ ಸಾಲ. 2008ರ ಡಿಸೆಂಬರ್‌ನಿಂದ 2015ರ ಡಿಸೆಂಬರ್‌ವರೆಗೆ ಅಮೆರಿಕದ ಕೇಂದ್ರ ಬ್ಯಾಂಕಿನ ಬಡ್ಡಿ ದರ ಹೆಚ್ಚುಕಡಿಮೆ ಸೊನ್ನೆ. ಠೇವಣಿಗೆ ಬಡ್ಡಿ ಸಿಗದ ಹಣವೆಲ್ಲ ಶೇಲ್ ಕಂಪನಿಗಳ ಸಾಲಪತ್ರಕ್ಕೆ ಹರಿಯಿತು. ಮೂರು, ಬೋನಸ್. ಅನೇಕ ಕಂಪನಿಗಳಲ್ಲಿ ಮೇಲಧಿಕಾರಿಗಳ ಬೋನಸ್ಸು ಉತ್ಪಾದನೆ ಎಷ್ಟು ಏರಿತು ಅನ್ನುವುದಕ್ಕೆ ಗಂಟು ಬಿದ್ದಿತ್ತು, ಷೇರುದಾರನಿಗೆ ಎಷ್ಟು ಉಳಿಯಿತು ಅನ್ನುವುದಕ್ಕಲ್ಲ. ಯಾವುದಕ್ಕೆ ಸಂಬಳ ಕೊಡುತ್ತೀರೋ ಆ ಕೆಲಸ ಆಗುತ್ತದೆ. ಉತ್ಪಾದನೆ ಏರಿತು.

ಇದರ ದೊಡ್ಡ ಉದಾಹರಣೆ ಚೆಸಪೀಕ್ ಎನರ್ಜಿ. 1989ರಲ್ಲಿ ಆಬ್ರಿ ಮೆಕ್ಲೆಂಡನ್ ಮತ್ತು ಟಾಮ್ ವಾರ್ಡ್ ಒಕ್ಲಹೋಮಾ ಸಿಟಿಯಲ್ಲಿ ಶುರುಮಾಡಿದ ಕಂಪನಿ, 1993ರಲ್ಲಿ ಷೇರುಪೇಟೆಗೆ ಬಂತು. ಮೆಕ್ಲೆಂಡನ್ ಮಾತಿನ ಮಲ್ಲ. ಶೇಲ್ ಗ್ಯಾಸ್ ಅಮೆರಿಕದ ಭವಿಷ್ಯ ಅಂತ ಊರೂರು ಸಾರಿದರು. ಅದು ನಿಜವೂ ಆಯಿತು. 2008ರ ಜುಲೈನಲ್ಲಿ ಷೇರು 70 ಡಾಲರ್ ಹತ್ತಿರ. ಮೆಕ್ಲೆಂಡನ್ ಸ್ವತಃ ಸಾಲ ಮಾಡಿ ಷೇರು ಕೊಳ್ಳುತ್ತಿದ್ದರು. ಅದನ್ನು ನೋಡಿ ಸಣ್ಣ ಹೂಡಿಕೆದಾರರು, ಯಜಮಾನನೇ ಕೊಳ್ಳುತ್ತಿದ್ದಾನಲ್ಲ, ನಮಗೇನು ಭಯ ಅಂದುಕೊಂಡರು. ಅಕ್ಟೋಬರ್‌ನಲ್ಲಿ ಪೇಟೆ ಕುಸಿಯಿತು. ಸಾಲ ಕೊಟ್ಟ ಬ್ರೋಕರುಗಳು ಮಾರ್ಜಿನ್ ಹಣ ಕೇಳಿದರು. ಮೆಕ್ಲೆಂಡನ್ ತಮ್ಮ ಬಳಿಯಿದ್ದ 3 ಕೋಟಿಗೂ ಹೆಚ್ಚು ಷೇರುಗಳನ್ನು, ಅಂದ್ರೆ ಹೆಚ್ಚುಕಡಿಮೆ ಎಲ್ಲವನ್ನೂ, ಕೆಲವೇ ದಿನಗಳಲ್ಲಿ ಸಿಕ್ಕ ಬೆಲೆಗೆ ಮಾರಬೇಕಾಯಿತು. ಆ ವರ್ಷ ಅವರಿಗೆ ಕಂಪನಿ ಕೊಟ್ಟ ಒಟ್ಟು ಪ್ಯಾಕೇಜ್ ಸುಮಾರು 11 ಕೋಟಿ ಡಾಲರ್. ಅಷ್ಟೇ ಅಲ್ಲ, ಅವರ ಹಳೆಯ ಭೂಪಟಗಳ ಸಂಗ್ರಹವನ್ನೂ ಕಂಪನಿ 1 ಕೋಟಿ 21 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಷೇರುದಾರರು ಕೋರ್ಟಿಗೆ ಹೋದ ಮೇಲೆ ಅವರು ಅದನ್ನು ವಾಪಸ್ ಕೊಳ್ಳಲು ಒಪ್ಪಿದರು.

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಅವರ ಯಶಸ್ಸೇ. ಎಲ್ಲರೂ ಶೇಲ್ ಗ್ಯಾಸ್ ತೆಗೆದಿದ್ದರಿಂದ 2008ರಲ್ಲಿ 13 ಡಾಲರ್ ದಾಟಿದ್ದ ಗ್ಯಾಸ್ ಬೆಲೆ 2012ರ ಏಪ್ರಿಲ್‌ನಲ್ಲಿ 2 ಡಾಲರ್‌ಗಿಂತ ಕೆಳಗಿಳಿಯಿತು. 2013ರಲ್ಲಿ ಮೆಕ್ಲೆಂಡನ್ ಕಂಪನಿ ಬಿಟ್ಟರು. 2016ರಲ್ಲಿ ಗುತ್ತಿಗೆ ಬಿಡ್ಡಿಂಗ್ ವಿಚಾರದಲ್ಲಿ ಅವರ ಮೇಲೆ ಆರೋಪಪಟ್ಟಿ ಬಂದ ಮಾರನೆಯ ದಿನವೇ ಕಾರು ಅಪಘಾತದಲ್ಲಿ ತೀರಿಕೊಂಡರು. ಪ್ರಕರಣವೂ ಅಲ್ಲಿಗೇ ಮುಗಿಯಿತು.

ಎಣ್ಣೆಯ ಕಡೆಗೂ ಅದೇ ಗತಿ ಬಂತು. 2014ರ ನವೆಂಬರ್ 27ರಂದು ಒಪೆಕ್ ದೇಶಗಳು ಉತ್ಪಾದನೆ ಕಡಿಮೆ ಮಾಡೋದಿಲ್ಲ ಎಂದು ತೀರ್ಮಾನಿಸಿದವು. ಅದೇ ವರ್ಷದ ಜೂನ್‌ನಲ್ಲಿ 100 ಡಾಲರ್ ಮೇಲಿದ್ದ ಬೆಲೆ 2016ರ ಫೆಬ್ರವರಿಯಲ್ಲಿ 30ಕ್ಕಿಂತ ಕೆಳಗೆ. ಈ ನಡುವೆ 2015ರ ಮೇ ತಿಂಗಳಲ್ಲಿ ಡೇವಿಡ್ ಐನ್‌ಹಾರ್ನ್ ಎಂಬ ಫಂಡ್ ಮ್ಯಾನೇಜರ್ ನ್ಯೂಯಾರ್ಕ್‌ನ ಸಭೆಯೊಂದರಲ್ಲಿ ಒಂದು ಲೆಕ್ಕ ಮುಂದಿಟ್ಟರು. 2006ರಿಂದ 2014ರವರೆಗೆ, ಅಂದ್ರೆ ಎಣ್ಣೆ ಬೆಲೆ ಚೆನ್ನಾಗಿದ್ದಾಗಲೇ, ದೊಡ್ಡ ಶೇಲ್ ಕಂಪನಿಗಳು ಗಳಿಸಿದ್ದಕ್ಕಿಂತ 8 ಸಾವಿರ ಕೋಟಿ ಡಾಲರ್ ಹೆಚ್ಚು ಖರ್ಚು ಮಾಡಿವೆ ಎಂಬ ಲೆಕ್ಕ. ಅವರು ಹೆಸರು ಹಿಡಿದು ಟೀಕಿಸಿದ ಕಂಪನಿ ಪಯೊನೀರ್ ನ್ಯಾಚುರಲ್ ರಿಸೋರ್ಸಸ್. ಕಲ್ಲಿನವರು ಸಿಟ್ಟಾದರು. ಟೆಕ್ಸಾಸ್‌ನ ಪರ್ಮಿಯನ್ ಕಣಿವೆಯ ಜಮೀನಿನ ಬೆಲೆ ಈತನಿಗೇನು ಗೊತ್ತು ಅಂದರು.

ಯಾರು ಸರಿ? ನೋಡಿ, ಇತಿಹಾಸ ಇಲ್ಲಿ ಇಬ್ಬರಿಗೂ ಅಂಕ ಕೊಟ್ಟಿದೆ. ಕೋವಿಡ್ ಕಾಲದಲ್ಲಿ ಪಯೊನೀರ್ ಷೇರು ಪಾತಾಳ ಕಂಡಿತು. ಅದೇ ಪಯೊನೀರ್ ಅನ್ನು 2023ರ ಅಕ್ಟೋಬರ್‌ನಲ್ಲಿ ಎಕ್ಸಾನ್‌ಮೊಬಿಲ್ ಪ್ರತಿ ಷೇರಿಗೆ 253 ಡಾಲರ್ ಲೆಕ್ಕದಲ್ಲಿ, ಒಟ್ಟು ಸುಮಾರು 5,950 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. ಹಿಡಿದುಕೊಂಡವನು ಗೆದ್ದ. ಆದರೆ ಸಾಲ ಮಾಡಿ ಹಿಡಿದವನು, ಮಗಳ ಮದುವೆಗೆ ದುಡ್ಡು ಬೇಕಾಗಿ 2020ರಲ್ಲಿ ಮಾರಿದವನು ಸೋತ. ಕಲ್ಲಿಗೆ ಕಾಯುವ ತಾಳ್ಮೆ ಇದೆ. ಮನೆ ಖರ್ಚಿಗೆ ಇಲ್ಲ.

2020ರಲ್ಲಿ ಸಣ್ಣವರು ಹೇಗೆ ಪೆಟ್ಟು ತಿಂದರು ಅನ್ನೋದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಎಣ್ಣೆ ಇಷ್ಟು ಅಗ್ಗ, ಇನ್ನೆಷ್ಟು ಇಳಿದೀತು ಅಂತ ಅಮೆರಿಕದ ಯುವಕರು ಮೊಬೈಲ್ ಆ್ಯಪ್‌ಗಳಲ್ಲಿ ಯುಎಸ್‌ಒ ಅನ್ನುವ ಫಂಡಿಗೆ ಮುಗಿಬಿದ್ದರು. ಹೆಸರಿನಲ್ಲಿ ಆಯಿಲ್ ಇತ್ತು, ಆದರೆ ಆ ಫಂಡು ಎಣ್ಣೆಯನ್ನು ಇಟ್ಟುಕೊಳ್ಳೋದಿಲ್ಲ. ಪ್ರತಿ ತಿಂಗಳು ಹಳೆಯ ಒಪ್ಪಂದ ಮಾರಿ ಮುಂದಿನ ತಿಂಗಳದ್ದು ಕೊಳ್ಳುತ್ತದೆ. ಮುಂದಿನ ತಿಂಗಳದ್ದು ದುಬಾರಿಯಾಗಿದ್ದರೆ ಪ್ರತಿ ಸಲವೂ ಅಗ್ಗಕ್ಕೆ ಮಾರಿ ದುಬಾರಿಗೆ ಕೊಂಡ ಹಾಗೆ. ಎಣ್ಣೆ ಬೆಲೆ ಚೇತರಿಸಿಕೊಂಡರೂ ಫಂಡಿನ ದುಡ್ಡು ಸೋರುತ್ತದೆ. ಏಪ್ರಿಲ್ ಕೊನೆಯಲ್ಲಿ 8 ಯುನಿಟ್‌ಗಳನ್ನು ಸೇರಿಸಿ 1 ಮಾಡಲಾಯಿತು.

ಚೆಸಪೀಕ್ ಕಥೆಯೂ ಆ ತಿಂಗಳುಗಳಲ್ಲೇ ಮುಗಿಯಿತು. ಏಪ್ರಿಲ್‌ನಲ್ಲಿ 200 ಷೇರು ಸೇರಿಸಿ 1 ಷೇರು ಮಾಡಿದರು. ಜೂನ್ 8ರಂದು, ಕಂಪನಿ ದಿವಾಳಿಯ ಅಂಚಿನಲ್ಲಿದ್ದಾಗ, ಅದರ ಷೇರು ಒಂದೇ ದಿನದಲ್ಲಿ ಸುಮಾರು ಮೂರು ಪಟ್ಟು ಆಯಿತು. ಮಾರನೆಯ ದಿನ ಕುಸಿಯಿತು. ಜೂನ್ 28ರಂದು ಕಂಪನಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಮುಂದಿನ ವರ್ಷ ಫೆಬ್ರವರಿಯಲ್ಲಿ ಹೊರಬಂದಾಗ ಕಂಪನಿ ಇತ್ತು, ಬಾವಿಗಳಿದ್ದವು, ಗ್ಯಾಸೂ ಬರುತ್ತಿತ್ತು. ಹಳೆಯ ಷೇರು ಮಾತ್ರ ರದ್ದಾಗಿತ್ತು. ಸಾಲ ಕೊಟ್ಟವರು ಹೊಸ ಯಜಮಾನರಾದರು. ದಿವಾಳಿ ಅಂದ್ರೆ ಇದೇ ವೀಕ್ಷಕರೇ. ಸಾಲುಗಟ್ಟಿ ನಿಂತವರಲ್ಲಿ ಸಾಲಗಾರರು ಮುಂದೆ, ಷೇರುದಾರ ಕಟ್ಟಕಡೆಗೆ. ಅವನ ಸರದಿ ಬರುವಷ್ಟರಲ್ಲಿ ಪಾತ್ರೆ ಖಾಲಿ.

ಹಾಗಾದರೆ ಆ 30 ಸಾವಿರ ಕೋಟಿ ಡಾಲರ್ ಎಲ್ಲಿ ಹೋಯಿತು? ಗಾಳಿಯಲ್ಲಿ ಕರಗಲಿಲ್ಲ. ಕೊರೆಯುವ ಕಂಪನಿಗಳಿಗೆ ಬಾಡಿಗೆಯಾಗಿ, ಜಮೀನ್ದಾರರಿಗೆ ರಾಯಲ್ಟಿಯಾಗಿ, ಅಧಿಕಾರಿಗಳಿಗೆ ಬೋನಸ್ಸಾಗಿ ಹೋಯಿತು. ಅತಿ ದೊಡ್ಡ ಪಾಲು ಅಗ್ಗದ ಎಣ್ಣೆ, ಅಗ್ಗದ ಗ್ಯಾಸ್ ರೂಪದಲ್ಲಿ ಜಗತ್ತಿನ ಗ್ರಾಹಕರಿಗೆ ಸಿಕ್ಕಿತು. ಅದರಲ್ಲಿ ನಾವೂ ಇದ್ದೇವೆ. 2011ರ ಡಿಸೆಂಬರ್‌ನಲ್ಲಿ ನಮ್ಮ ಗೇಲ್ ಕಂಪನಿ ಅಮೆರಿಕದ ಶೆನಿಯರ್ ಜೊತೆ ವರ್ಷಕ್ಕೆ 35 ಲಕ್ಷ ಟನ್ ದ್ರವೀಕೃತ ಗ್ಯಾಸ್‌ಗೆ 20 ವರ್ಷದ ಒಪ್ಪಂದ ಮಾಡಿಕೊಂಡಿತು. ಅದರ ಮೊದಲ ಹಡಗು 2018ರ ಮಾರ್ಚ್ ಕೊನೆಯಲ್ಲಿ ಮಹಾರಾಷ್ಟ್ರದ ದಾಭೋಲ್‌ಗೆ ಬಂತು. ಬೆಂಗಳೂರಿಗೆ ಗ್ಯಾಸ್ ತರುವ ಪೈಪ್‌ಲೈನ್ ಹೊರಡುವುದೂ ದಾಭೋಲ್‌ನಿಂದಲೇ. 2014ರಲ್ಲಿ ಕಚ್ಚಾ ತೈಲ ಬಿದ್ದಾಗ ಡೀಸೆಲ್ ಬೆಲೆಯನ್ನು ಮಾರುಕಟ್ಟೆಗೆ ಬಿಡುವ ಧೈರ್ಯ ನಮ್ಮ ಸರ್ಕಾರಕ್ಕೆ ಬಂತು. ಜೊತೆಗೆ 2014ರ ನವೆಂಬರ್‌ನಿಂದ 2016ರ ಜನವರಿಯೊಳಗೆ 9 ಸಲ ಅಬಕಾರಿ ಸುಂಕವೂ ಏರಿತು. ಅಂದ್ರೆ ಟೆಕ್ಸಾಸ್‌ನ ಷೇರುದಾರ ಕಳೆದುಕೊಂಡಿದ್ದರಲ್ಲಿ ಒಂದು ಪಾಲು ನಮ್ಮ ಜೇಬಿಗೂ, ಇನ್ನೊಂದು ಪಾಲು ನಮ್ಮ ಸರ್ಕಾರದ ಬೊಕ್ಕಸಕ್ಕೂ ಬಂತು.

ದೊಡ್ಡವರಾದರೂ ಗೆದ್ದರಾ? ರಿಲಯನ್ಸ್ 2010ರಲ್ಲಿ ಅಟ್ಲಾಸ್, ಪಯೊನೀರ್, ಕರೀಝೋ ಎಂಬ ಮೂರು ಕಂಪನಿಗಳ ಜೊತೆ ಅಮೆರಿಕದ ಶೇಲ್‌ಗೆ ಇಳಿಯಿತು. 2021ರ ಹೊತ್ತಿಗೆ ಎಲ್ಲವನ್ನೂ ಮಾರಿ ಹೊರಬಂತು. ಎಕ್ಸಾನ್ ಕೂಡ 2010ರಲ್ಲಿ ಎಕ್ಸ್‌ಟಿಒ ಎಂಬ ಶೇಲ್ ಗ್ಯಾಸ್ ಕಂಪನಿಯನ್ನು ಸೇರಿಸಿಕೊಂಡು, 2020ರಲ್ಲಿ ಹೆಚ್ಚಾಗಿ ಗ್ಯಾಸ್ ಆಸ್ತಿಗಳ ಮೇಲೇ ಸುಮಾರು 2 ಸಾವಿರ ಕೋಟಿ ಡಾಲರ್‌ನಷ್ಟು ಮೌಲ್ಯವನ್ನು ಪುಸ್ತಕದಿಂದ ಹೊಡೆದುಹಾಕಿತು. ಆದರೆ ಎಕ್ಸಾನ್‌ಗೆ ಬೇರೆ ಆದಾಯವಿತ್ತು, ತಡೆದುಕೊಂಡಿತು. ದೊಡ್ಡವರಿಗೂ ಸಣ್ಣವರಿಗೂ ವ್ಯತ್ಯಾಸ ಜಾಣತನದ್ದಲ್ಲ, ತಡೆದುಕೊಳ್ಳುವ ಶಕ್ತಿಯದ್ದು.

ಹಾಗಂತ ತೈಲ ಷೇರು ಮುಟ್ಟಲೇಬೇಡಿ ಎಂದು ನಾನು ಹೇಳುತ್ತಿಲ್ಲ. 2007ರಲ್ಲಿ ಷೇರುಪೇಟೆಗೆ ಬಂದ ಕಾಂಟಿನೆಂಟಲ್ ರಿಸೋರ್ಸಸ್ ಅನ್ನು 2022ರಲ್ಲಿ ಅದರ ಸ್ಥಾಪಕ ಹೆರಾಲ್ಡ್ ಹ್ಯಾಮ್ ಕುಟುಂಬ ಪ್ರತಿ ಷೇರಿಗೆ 74.28 ಡಾಲರ್ ಕೊಟ್ಟು ಪೂರ್ತಿ ಕೊಂಡಿತು. ಮೊದಲಿನಿಂದ ಹಿಡಿದವರಿಗೆ ಒಳ್ಳೆಯ ಲಾಭವೇ ಆಯಿತು. 2021ರ ನಂತರ ಕಂಪನಿಗಳೂ ಬದಲಾದವು. ಪೆಟ್ಟು ತಿಂದ ಹೂಡಿಕೆದಾರರು, ಉತ್ಪಾದನೆ ಸಾಕು, ಡಿವಿಡೆಂಡ್ ಕೊಡಿ ಅಂತ ಪಟ್ಟು ಹಿಡಿದರು. 2022ರಲ್ಲಿ ಉಕ್ರೇನ್ ಯುದ್ಧದಿಂದ ಬೆಲೆ 100 ದಾಟಿದಾಗಲೂ ಹಳೆಯ ಹಾಗೆ ಹುಚ್ಚೆದ್ದು ಕೊರೆಯಲಿಲ್ಲ. ಲೆಕ್ಕದವರ ಮಾತು ಕೊನೆಗೂ ಆಡಳಿತ ಮಂಡಳಿಯ ಕೋಣೆಗೆ ಮುಟ್ಟಿತು. ಅದಕ್ಕೆ ಹತ್ತು ವರ್ಷ ಹಿಡಿಯಿತು, ಸಾವಿರಾರು ಮನೆಗಳ ಉಳಿತಾಯವೂ ಹೋಯಿತು.

ಆದ್ದರಿಂದ ಯಾರಾದರೂ ನಿಮಗೆ ಎಣ್ಣೆ ಕಂಪನಿಯ ಷೇರು ತೋರಿಸಿದಾಗ, "ಎಣ್ಣೆ ಇದೆಯಾ?" ಅಂತ ಕೇಳಬೇಡಿ. ಎಣ್ಣೆ ಇದ್ದೇ ಇರುತ್ತದೆ. ಪಿಟ್‌ಹೋಲ್‌ನಲ್ಲೂ ಇತ್ತು. ಈ ಮೂರು ಕೇಳಿ. ಕೊರೆಯುವ ಖರ್ಚೆಲ್ಲ ಕಳೆದ ಮೇಲೆ ವರ್ಷದ ಕೊನೆಗೆ ಕೈಯಲ್ಲಿ ಕಾಸು ಉಳಿಯುತ್ತದಾ? ಸಾಲ ಎಷ್ಟಿದೆ, ಬೆಲೆ ಅರ್ಧಕ್ಕಿಳಿದರೆ ಅದನ್ನು ತೀರಿಸಬಲ್ಲದಾ? ಕಂಪನಿಯ ಯಜಮಾನನಿಗೆ ಬೋನಸ್ ಸಿಗೋದು ಯಾವುದಕ್ಕೆ, ಎಣ್ಣೆ ಹೆಚ್ಚಿದ್ದಕ್ಕಾ, ನಿಮ್ಮ ದುಡ್ಡು ಹೆಚ್ಚಿದ್ದಕ್ಕಾ? ಈ ಮೂರೂ ಉತ್ತರಗಳು ಕಂಪನಿಯ ವಾರ್ಷಿಕ ವರದಿಯಲ್ಲೇ ಇರುತ್ತವೆ. ಫೋರ್ಟ್ ವರ್ತ್‌ಗೆ 10 ಡಾಲರ್ ಕಳಿಸಿದ ಟೀಚರಮ್ಮನಿಗೆ ಆ ವರದಿ ಸಿಗುವ ದಾರಿಯೇ ಇರಲಿಲ್ಲ. ನಿಮಗೆ ಫೋನಿನಲ್ಲೇ ಸಿಗುತ್ತದೆ. ದುಡ್ಡು ಹಾಕುವ ಮುಂಚೆ ಒಂದು ಸಂಜೆ ಕೂತು ಓದಿ.